ಗೌರಿಹಬ್ಬದಿಂದ ಸಂಕ್ರಾಂತಿವರೆಗೆ ಏಳು ಕುಂಬಳಕಾಯಿ: ಎಲ್ಲಿ ತಂದೆ, ಎಷ್ಟು ದಿನ ಉಳಿಯಿತು

ಗಣೇಶನ ಹಬ್ಬ ಮುಗಿದ ವಾರ ಮನೆ ಹತ್ತಿರದ ಒಂದು ಸೂಪರ್‌ಮಾರ್ಕೆಟ್‌ನಿಂದ ಅರ್ಧ ಕೆಜಿ ಸಿಹಿಗುಂಬಳದ ಹೋಳು ತಂದೆ. ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿದ್ದರು. ಅವತ್ತಿನ ತಾರೀಕಿನ ಚೀಟಿಯೂ ಇತ್ತು. ಬಣ್ಣ ಮಾತ್ರ ಚೆಂಡುಹೂವಿನ ಹಾಗೆ. ಮನೆಗೆ ಬಂದು ಹಾಳೆ ಬಿಚ್ಚಿದರೆ ಕೈಗೆ ಲೋಳೆ ಹತ್ತಿತು, ಬೀಜ ಇದ್ದ ಕಡೆ ಹುಳಿ ವಾಸನೆ. ಚೀಟಿಯ ಮೇಲಿದ್ದದ್ದು ಸುತ್ತಿದ ದಿನದ ತಾರೀಕು, ಹೆಚ್ಚಿದ ದಿನದ್ದಲ್ಲ ಅಂತ ಆಮೇಲೆ ಕೇಳಿದಾಗ ಗೊತ್ತಾಯಿತು. ಅರ್ಧದಷ್ಟು ಕೆತ್ತಿ ಎಸೆದೆ. ಉಳಿದದ್ದರಲ್ಲಿ ಪಲ್ಯ ಮಾಡಿದರೆ ಸಪ್ಪೆ, ನೀರು ನೀರು. ಮಗಳು ತಟ್ಟೆಯ ಅಂಚಿಗೆ ಸರಿಸಿ "ನನಗೆ ಕುಂಬಳಕಾಯಿ ಇಷ್ಟ ಇಲ್ಲ" ಅಂದಳು.

ಆ ಮಾತು ನನಗೆ ನಿಜವಾಗಿಯೂ ಬೇಸರ ತಂದಿತು. ಯಾಕಂದ್ರೆ ಅವಳು ತಿಂದದ್ದು ಕುಂಬಳಕಾಯಿಯ ರುಚಿಯೇ ಅಲ್ಲ. ಬೆಂಗಳೂರಿನಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಗೊತ್ತಿರುವುದು ಈ ಪ್ಲಾಸ್ಟಿಕ್ ಸುತ್ತಿದ ಹೋಳು ಒಂದೇ. ಹಾಗಾಗಿ ಈ ಸೀಸನ್ ಪೂರ್ತಿ ಇಡೀ ಕಾಯಿಯನ್ನೇ ತರಬೇಕು ಅಂತ ಗಟ್ಟಿ ಮಾಡಿಕೊಂಡೆ. ಎಲ್ಲಿಂದ ತಂದೆ, ಎಷ್ಟು ತೂಕ, ಎಷ್ಟು ದಿನ ಉಳಿಯಿತು, ರುಚಿ ಹೇಗಿತ್ತು, ಎಲ್ಲ ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟೆ. ಒಟ್ಟು ಏಳು ಕಾಯಿ. ಐದು ಸಿಹಿಗುಂಬಳ, ಎರಡು ಬೂದುಗುಂಬಳ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಹೆಸರಿನ ವಿಷಯ. ನಮ್ಮದು ತೀರ್ಥಹಳ್ಳಿ ಕಡೆ, ಅಲ್ಲಿ ಸಿಹಿಗುಂಬಳಕ್ಕೆ ಚೀನೀಕಾಯಿ ಅನ್ನುತ್ತೇವೆ. ಬೆಂಗಳೂರಲ್ಲಿ ಸುಮ್ನೆ ಕುಂಬಳಕಾಯಿ ಅಂದರೆ ಒಬ್ಬೊಬ್ಬರು ಒಂದೊಂದು ಕೊಡುತ್ತಾರೆ. ಸಾಂಬಾರಿಗೆ ಅಂತ ಕೇಳಿದರೆ ಸಿಹಿ, ಪೂಜೆಗೆ ಅಂದರೆ ಬೂದು. ಎರಡೂ ಕುಂಬಳವೇ ಆದರೂ ಜಾತಿ ಬೇರೆ. ಸಿಹಿಗುಂಬಳದ ಮೂಲ ಅಮೆರಿಕ ಖಂಡ, ಬೂದುಗುಂಬಳ ನಮ್ಮ ಏಷ್ಯಾದ್ದೇ. ಆರಿಸುವ ರೀತಿ, ಇಡುವ ರೀತಿ ಎರಡರದ್ದೂ ಸ್ವಲ್ಪ ಬೇರೆ ಬೇರೆ.

ಮೊದಲ ಎರಡು ಕಾಯಿ ಹಾಪ್‌ಕಾಮ್ಸ್‌ನಿಂದ ತಂದೆ. ನಮ್ಮ ಬಡಾವಣೆಯ ಮೂಲೆಯಲ್ಲಿರುವ ಚಿಕ್ಕ ಮಳಿಗೆ. ಹಾಪ್‌ಕಾಮ್ಸ್ ಬಗ್ಗೆ ಈಗಿನ ಹುಡುಗರಿಗೆ ಅಷ್ಟು ಗೊತ್ತಿರಲಿಕ್ಕಿಲ್ಲ. ಇದು ರೈತರದ್ದೇ ಸಹಕಾರ ಸಂಘ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಶುರುವಾಯಿತು, ಅದರ ಹಿಂದೆ ಇದ್ದವರು ತೋಟಗಾರಿಕೆಯ ಎಂ. ಎಚ್. ಮರಿಗೌಡರು. ಇವತ್ತಿಗೂ ಕೇಂದ್ರ ಕಚೇರಿ ಲಾಲ್‌ಬಾಗ್‌ನಲ್ಲೇ ಇದೆ. ನನಗೆ ಅಲ್ಲಿ ಇಷ್ಟವಾಗುವುದು ಎರಡು ವಿಷಯ. ಬೆಲೆ ಬೋರ್ಡಿನ ಮೇಲೆ ಬರೆದಿರುತ್ತದೆ, ಚೌಕಾಸಿ ಮಾಡುವ ಕೆಲಸ ಇಲ್ಲ. ಕಾಯಿಯನ್ನು ಎತ್ತಿ, ತಿರುಗಿಸಿ, ತಟ್ಟಿ ನೋಡಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಆವತ್ತು ಅಲ್ಲಿ ಒಂಬತ್ತು ಹತ್ತು ಕಾಯಿ ಇದ್ದವು. ಮಳಿಗೆಯವರು "ನಿನ್ನೆ ಬಂದ ಮಾಲು ಅಕ್ಕ, ಮೂರು ಕೆಜಿ ಒಳಗಿನದು ಬೇಕಾ, ದೊಡ್ಡದು ಬೇಕಾ?" ಅಂದರು. ಒಂದೇ ಲೋಡಿನ ಎರಡು ಕಾಯಿ ಆರಿಸಿದೆ, ಎರಡೂ ಮೂರು ಕೆಜಿಯ ಆಸುಪಾಸು.

ಆರಿಸುವಾಗ ನಾನು ಮೊದಲು ನೋಡುವುದು ತೊಟ್ಟು. ಇದು ನಮ್ಮ ಅತ್ತೆ ಕಲಿಸಿದ್ದು. ನಾನು ಹೊಸದಾಗಿ ಮದುವೆಯಾಗಿ ಹೋದಾಗ ಸಂತೆಯಲ್ಲಿ ಬಣ್ಣ ನೋಡಿ ಒಂದು ಕಾಯಿ ಎತ್ತಿದ್ದೆ. ಅವರು ಕೈಯಿಂದ ತೆಗೆದು ವಾಪಸ್ ಇಟ್ಟು "ಬಣ್ಣ ಆಮೇಲೆ ನೋಡು ಮಾರಾಯ್ತಿ, ತೊಟ್ಟು ಎಲ್ಲಿದೆ ಇದಕ್ಕೆ?" ಅಂದಿದ್ದರು. ತೊಟ್ಟು ಒಂದೆರಡು ಇಂಚಾದರೂ ಕಾಯಿಗೆ ಅಂಟಿಕೊಂಡಿರಬೇಕು. ಒಣಗಿ, ಕಂದು ಬಣ್ಣಕ್ಕೆ ತಿರುಗಿ, ಕಟ್ಟಿಗೆಯ ಹಾಗೆ ಗಟ್ಟಿಯಾಗಿರಬೇಕು. ಹಸಿರಾಗಿ, ರಸ ತುಂಬಿಕೊಂಡು ಮೆತ್ತಗಿದ್ದರೆ ಕಾಯಿ ಬಳ್ಳಿಯಲ್ಲಿ ಪೂರ್ತಿ ಬಲಿಯುವ ಮೊದಲೇ ಕಿತ್ತಿದ್ದಾರೆ ಅಂತ. ತೊಟ್ಟೇ ಮುರಿದು ಹೋಗಿ ಅಲ್ಲಿ ಗುಳಿ ಬಿದ್ದಿದ್ದರೆ ಅದು ಬಾಗಿಲು ತೆರೆದಿಟ್ಟ ಮನೆ. ಕೊಳೆ ಒಳಗೆ ಹೋಗುವುದೇ ಆ ದಾರಿಯಲ್ಲಿ. ಅದಕ್ಕೇ ಕಾಯಿಯನ್ನು ಯಾವತ್ತೂ ತೊಟ್ಟು ಹಿಡಿದು ಎತ್ತಬೇಡಿ. ಮಗುವನ್ನು ಎತ್ತುವ ಹಾಗೆ ಕೆಳಗೆ ಕೈ ಕೊಟ್ಟು ಎತ್ತಿ.

ಆಮೇಲೆ ಉಗುರು. ಹೆಬ್ಬೆರಳಿನ ಉಗುರಿನಿಂದ ಸಿಪ್ಪೆ ಮೇಲೆ ಮೆಲ್ಲಗೆ ಒತ್ತಿ. ಸುಲಭವಾಗಿ ಗುರುತು ಬಿದ್ದು ನೀರು ಒಸರಿದರೆ ಎಳೆಯ ಕಾಯಿ. ಎಳೆಯದು ಕೆಟ್ಟದ್ದು ಅಂತ ಅಲ್ಲ, ಅವತ್ತೇ ಪಲ್ಯ ಮಾಡುವುದಾದರೆ ಸರಿ, ಆದರೆ ಇಟ್ಟರೆ ಉಳಿಯುವುದಿಲ್ಲ, ಸಿಹಿಯೂ ಕಮ್ಮಿ. ಬಲಿತ ಕಾಯಿಯ ಸಿಪ್ಪೆಗೆ ಹೊಳಪು ಇರುವುದಿಲ್ಲ, ಮಂಕಾಗಿರುತ್ತದೆ. ಹೊಳೆಯುವ ಕಾಯಿ ನೋಡಿ ಮರುಳಾಗುವುದು ಬೇಡ. ಒಂದು ಬದಿಯಲ್ಲಿ ನೆಲಕ್ಕೆ ತಾಗಿಕೊಂಡು ಬೆಳೆದ ಜಾಗ ಇರುತ್ತದೆ ಅಲ್ವಾ, ಅದು ಬೆಣ್ಣೆ ಬಣ್ಣಕ್ಕೋ ಹಳದಿಗೋ ತಿರುಗಿದ್ದರೆ ಬಳ್ಳಿಯಲ್ಲೇ ಸಾಕಷ್ಟು ದಿನ ಕೂತಿದೆ ಅಂತ ಅರ್ಥ. ಆ ಮಚ್ಚೆಯನ್ನು ಕಲೆ ಅಂದುಕೊಂಡು ಕೆಲವರು ಪಕ್ಕಕ್ಕೆ ಇಡುತ್ತಾರೆ. ಕಲೆಯಲ್ಲ ಅದು, ಒತ್ತಿ ನೋಡಿ ಗಟ್ಟಿಯಾಗಿದ್ದರೆ ಸಾಕು. ಕೊನೆಗೆ ತೂಕ. ಒಂದೇ ಗಾತ್ರದ ಎರಡು ಕಾಯಿ ಎರಡು ಕೈಯಲ್ಲಿ ಹಿಡಿದು, ಭಾರ ಇದ್ದದ್ದನ್ನು ತನ್ನಿ. ಹಗುರ ಇದ್ದರೆ ಒಳಗೆ ತಿರುಳು ಒಣಗಿ ನಾರಾಗಿದೆ. ತಟ್ಟಿದರೆ ಟೊಳ್ಳು ಸದ್ದು ಬರಬೇಕು ಅನ್ನುತ್ತಾರೆ, ನಿಜ, ಬಲಿತ ಕಾಯಿ ಹಾಗೇ ಸದ್ದು ಮಾಡುತ್ತದೆ. ಆದರೆ ತೀರಾ ಹಳೆಯ ಕಾಯಿಯೂ ಹಾಗೇ ಸದ್ದು ಮಾಡುತ್ತದೆ, ಹಾಗಾಗಿ ಬರೀ ಸದ್ದು ನಂಬಬೇಡಿ, ತೂಕವನ್ನೂ ಸೇರಿಸಿ ನೋಡಿ.

ಎರಡರಲ್ಲಿ ಒಂದನ್ನು ಅದೇ ವಾರ ಹೆಚ್ಚಿದೆ. ತಿರುಳು ದಪ್ಪ, ಒಳ್ಳೆ ಕೇಸರಿ. ಹುಳಿ ಮಾಡಿದೆ, ಚೆನ್ನಾಗಿತ್ತು. ಇನ್ನೊಂದನ್ನು ಹಾಗೇ ಇಟ್ಟು, ಸುಮಾರು ಆರು ವಾರ ಆದಮೇಲೆ, ದೀಪಾವಳಿ ಹೊತ್ತಿಗೆ ಹೆಚ್ಚಿದೆ. ಅದೇ ಲೋಡಿನ ಕಾಯಿ, ಅದೇ ಕೈ, ಅದೇ ಹುಳಿಪುಡಿ. ಆದರೆ ರುಚಿ ಎಷ್ಟು ಬೇರೆ ಅಂದರೆ ಬೆಲ್ಲ ಹಾಕುವುದೇ ಬೇಡವಾಯಿತು. ಇದಕ್ಕೆ ಕಾರಣ ಇದೆ. ಬಳ್ಳಿಯಿಂದ ಕಿತ್ತಾಗ ತಿರುಳಿನಲ್ಲಿ ಪಿಷ್ಟ ಜಾಸ್ತಿ ಇರುತ್ತದೆ, ಇಟ್ಟಲ್ಲೇ ಅದು ನಿಧಾನವಾಗಿ ಸಕ್ಕರೆಯಾಗುತ್ತಾ ಹೋಗುತ್ತದೆ. ಅಂದರೆ ಚೆನ್ನಾಗಿ ಬಲಿತ ಸಿಹಿಗುಂಬಳ ತಂದ ದಿನಕ್ಕಿಂತ ತಿಂಗಳ ನಂತರವೇ ರುಚಿ. ತರಕಾರಿ ಅಂದರೆ ತಾಜಾ ಇದ್ದಷ್ಟೂ ಒಳ್ಳೆಯದು ಅಂತ ನಾವು ಅಂದುಕೊಂಡಿದ್ದೇವೆ, ಈ ಒಂದು ತರಕಾರಿ ಮಾತ್ರ ಕಾದವರಿಗೆ ಕೊಡುತ್ತದೆ. ಹಾಗಂತ ವರ್ಷಗಟ್ಟಲೆ ಅಲ್ಲ. ಎರಡು ಮೂರು ತಿಂಗಳು ದಾಟಿದರೆ ತಿರುಳು ಒಣಗಿ ನಾರು ನಾರಾಗುತ್ತದೆ.

ಮಗಳು ಆ ದೀಪಾವಳಿಯ ಹುಳಿಯಲ್ಲಿ ಹೋಳು ಹುಡುಕಿಕೊಂಡು ತಿಂದಳು. ಹಾಪ್‌ಕಾಮ್ಸ್ ಕಾಯಿಗೆ ನಾನು ಐದಕ್ಕೆ ಐದು ಕೊಡುತ್ತೇನೆ.

ಮೂರನೆಯದು ಮೊಬೈಲ್‌ನಲ್ಲಿ ತರಿಸಿದ್ದು. ಮಹಾಲಯ ಅಮಾವಾಸ್ಯೆ ಹತ್ತಿರ, ಹೊರಗೆ ಮಳೆ, ಹೋಗಲಾಗಲಿಲ್ಲ. ಮನೆಗೆ ತಂದುಕೊಡುವ ಒಂದು ಆ್ಯಪ್‌ನಲ್ಲಿ "ಕುಂಬಳಕಾಯಿ, ಇಡೀ ಕಾಯಿ" ಅಂತ ಇತ್ತು. ಬಂದದ್ದು 900 ಗ್ರಾಂನ ಹಸಿರು ಕಾಯಿ. ಹೊಳೆಯುತ್ತಿತ್ತು, ತೊಟ್ಟು ಬುಡಕ್ಕೇ ಕತ್ತರಿಸಿ ಹೋಗಿತ್ತು. ಅವತ್ತೇ ಮಾಡಬೇಕಿತ್ತು, ನಾನು ಇಟ್ಟು ನೋಡೋಣ ಅಂತ ಇಟ್ಟೆ. ಒಂಬತ್ತನೇ ದಿನಕ್ಕೆ ತೊಟ್ಟಿನ ಜಾಗ ಒಳಗೆ ಇಳಿದು ಬಿಳಿ ಬೂಸ್ಟು ಬಂತು. ದುಡ್ಡು ವಾಪಸ್ ಕೇಳುವ ಅವಧಿ 24 ಗಂಟೆ ಮಾತ್ರವಂತೆ. ಕುಂಬಳಕಾಯಿಯ ಗುಣ ಗೊತ್ತಾಗುವುದು ಒಂದು ದಿನದಲ್ಲಿ ಅಲ್ಲವಲ್ಲ. ಇದೊಂದು ತರಕಾರಿಯನ್ನು ದಯವಿಟ್ಟು ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ.

ಬೂದುಗುಂಬಳಕ್ಕೆ ಬರುತ್ತೇನೆ. ಆಯುಧಪೂಜೆಯ ಹಿಂದಿನ ದಿನ ಬೆಂಗಳೂರಿನ ಯಾವ ರಸ್ತೆಗೆ ಹೋದರೂ ರಾಶಿ ರಾಶಿ. ಕೆ.ಆರ್. ಮಾರ್ಕೆಟ್ ಸುತ್ತಮುತ್ತ ಅಂತೂ ಕಾಲಿಡಲು ಜಾಗ ಇರುವುದಿಲ್ಲ. ನಾನು ರಸ್ತೆ ಪಕ್ಕದ ಒಂದು ರಾಶಿಯಿಂದ ಪೂಜೆಗೆ ಒಂದು, ಅಡುಗೆಗೆ ಒಂದು ತಂದೆ. ಪೂಜೆಯದು ಲೆಕ್ಕಕ್ಕಿಲ್ಲ. ಅಡುಗೆಗೆ ತಂದದ್ದನ್ನು ರಾತ್ರಿ ದೀಪದ ಕೆಳಗೆ ನೋಡಿದಾಗ ಮೈ ಮೇಲೆ ಸಣ್ಣ ರೋಮ ಇದ್ದವು, ಬೂದಿ ಇಲ್ಲ. ಇದೇ ಗುರುತು. ಬೂದುಗುಂಬಳ ಎಳೆಯದಿದ್ದಾಗ ಮೈ ತುಂಬಾ ಚುಚ್ಚುವ ರೋಮ ಇರುತ್ತದೆ. ಬಲಿಯುತ್ತಾ ಹೋದಂತೆ ರೋಮ ಉದುರಿ ಬಿಳಿ ಮೇಣದ ಪುಡಿ ಕೂರುತ್ತದೆ, ಅದನ್ನೇ ನಾವು ಬೂದಿ ಅನ್ನುವುದು. ಕಾಯಿಯನ್ನು ತಿಂಗಳುಗಟ್ಟಲೆ ಕಾಪಾಡುವುದು ಆ ಬೂದಿಯೇ. ಬೂದಿ ಕಟ್ಟದ ಕಾಯಿಯನ್ನು ಹಬ್ಬದ ಬೇಡಿಕೆಗೆ ಅಂತ ಮೊದಲೇ ಕಿತ್ತು ಲಾರಿಗೆ ತುಂಬಿರುತ್ತಾರೆ. ನನ್ನದು ಹನ್ನೆರಡು ದಿನಕ್ಕೆ ಮೆತ್ತಗಾಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಎಲ್ಲರಿಗೂ ಗೊತ್ತು. ಅವನು ಹೆಗಲು ಯಾಕೆ ಮುಟ್ಟಿಕೊಂಡ ಅಂತ ನಾನು ಚಿಕ್ಕವಳಿದ್ದಾಗ ಯೋಚಿಸಿರಲಿಲ್ಲ. ಹೊತ್ತುಕೊಂಡು ಹೋದರೆ ಬೂದಿ ಹೆಗಲಿಗೆ ಅಂಟುತ್ತದೆ, ಅದು ಕಾಣುತ್ತಿದೆಯೇನೋ ಅನ್ನುವ ಭಯ ಅವನಿಗೆ. ಅವನು ಕದ್ದದ್ದು ಚೆನ್ನಾಗಿ ಬಲಿತ ಕಾಯಿ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ. ಈಗ ನಾನು ಅಂಗಡಿಯಲ್ಲಿ ಮಾಡುವುದೂ ಅದನ್ನೇ. ಬೂದುಗುಂಬಳದ ಮೇಲೆ ಅಂಗೈ ಎಳೆದು ನೋಡುತ್ತೇನೆ. ಕೈ ಬೆಳ್ಳಗಾದರೆ ತರುತ್ತೇನೆ. ತಂದ ಮೇಲೆ ಆ ಬೂದಿಯನ್ನು ಒರೆಸಬೇಡಿ, ತೊಳೆಯಲೂ ಬೇಡಿ. ಹೆಚ್ಚುವ ದಿನ ತೊಳೆದರೆ ಸಾಕು.

ಇನ್ನೊಂದು ಬೂದುಗುಂಬಳ ದುಡ್ಡು ಕೊಟ್ಟು ತಂದದ್ದಲ್ಲ. ದೀಪಾವಳಿಗೆ ಊರಿಗೆ ಹೋದಾಗ ಅತ್ತೆ ಕೊಟ್ಟರು, ಐದು ಕೆಜಿ ಮೇಲಿತ್ತು. ಊರ ಮನೆಯಲ್ಲಿ ಅಟ್ಟದ ಜಂತಿಗೆ ಬಾಳೆನಾರಿನಲ್ಲಿ ಕಟ್ಟಿ ಸಾಲಾಗಿ ನೇತುಹಾಕಿರುತ್ತಾರೆ, ಒಂದು ಕಡೆ ಬೂದುಗುಂಬಳ, ಒಂದು ಕಡೆ ಸೌತೆಕಾಯಿ. ಒಂದಕ್ಕೊಂದು ತಾಗುವುದಿಲ್ಲ, ನೆಲದ ತೇವ ಹತ್ತುವುದಿಲ್ಲ, ಸುತ್ತಲೂ ಗಾಳಿ ಆಡುತ್ತದೆ. ಮಳೆಗಾಲದಲ್ಲಿ ಸಂತೆಗೆ ಹೋಗಲು ಆಗದ ದಿನಗಳಿಗೆ ಅದೇ ತರಕಾರಿ. ನಾನು ಹೊರಡುವಾಗ ಅತ್ತೆ "ಅಲ್ಲಿ ನಿನಗೆ ಜಂತಿ ಎಲ್ಲಿದೆ, ಎಲ್ಲಿ ಕಟ್ಟುತ್ತೀಯ?" ಅಂದರು. "ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಕೊಕ್ಕೆ ಇದೆ ಅತ್ತೆ" ಅಂದೆ. ಅವರೇ ತೆಂಗಿನ ನಾರಿನ ಹಗ್ಗದಲ್ಲಿ ಅಡ್ಡ ಉದ್ದ ಕಟ್ಟಿ ಕೊಟ್ಟರು. ಬಿಸಿಲು ಬೀಳದ ಬದಿಯ ಕೊಕ್ಕೆಗೆ ಹಾಕಿದ್ದೇನೆ. ನೀವೂ ಹಾಕುವುದಾದರೆ ಕೊಕ್ಕೆ ಆ ಭಾರ ತಡೆಯುತ್ತದಾ ಅಂತ ಮೊದಲು ನೋಡಿಕೊಳ್ಳಿ, ಮತ್ತೆ ಮಕ್ಕಳು ಓಡಾಡುವ ಜಾಗದ ಮೇಲೆ ಬೇಡ.

ಆರನೆಯದು ಅತಿ ದೊಡ್ಡದು. ಕಾರ್ತಿಕದಲ್ಲಿ ಮೈಸೂರಿನಿಂದ ಬರುವಾಗ ಹಳೇ ರಸ್ತೆಯಲ್ಲಿ, ಬಿಡದಿಗೆ ಸ್ವಲ್ಪ ಮೊದಲು, ಮರದ ಕೆಳಗೆ ಒಬ್ಬ ಅಜ್ಜ ರಾಶಿ ಹಾಕಿಕೊಂಡು ಕೂತಿದ್ದರು. ಅವರ ಹೊಲದ್ದೇ. "ಯಾವಾಗ ಕಿತ್ತದ್ದು ಅಜ್ಜ?" ಅಂದೆ. "ಹದಿನೈದು ದಿವ್ಸ ಆಯ್ತವ್ವ, ಬಿಸಿಲಿಗೆ ಬುಟ್ಟು ಒಣಗ್ಸಿವ್ನಿ" ಅಂದರು. ಇಷ್ಟು ನೇರ ಉತ್ತರ ನನಗೆ ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ. ಕಿತ್ತ ಮೇಲೆ ಹತ್ತು ದಿನದಷ್ಟು ಬೆಚ್ಚಗಿನ, ಒಣ ಜಾಗದಲ್ಲಿ ಬಿಟ್ಟರೆ ಸಿಪ್ಪೆ ಗಟ್ಟಿಯಾಗುತ್ತದೆ, ಸಣ್ಣಪುಟ್ಟ ಗೀರು ಮಾಯುತ್ತದೆ, ಆಮೇಲೆ ಕಾಯಿ ಬಾಳಿಕೆ ಬರುತ್ತದೆ. ಅಂಥ ಕಾಯಿ ಅದು. ಏಳು ಕೆಜಿ. ಅಂಗಡಿ ಬೆಲೆಗಿಂತ ಕಮ್ಮಿ ಹೇಳಿದರು, ನಾನು ಚೌಕಾಸಿ ಮಾಡಲಿಲ್ಲ, ಮಾಡುವ ಮನಸ್ಸೂ ಬರಲಿಲ್ಲ.

ತಪ್ಪು ಆದದ್ದು ನನ್ನ ಕಡೆಯಿಂದ. ಭಾರ ಅಂತ ಅದನ್ನು ಪಾತ್ರೆ ತೊಳೆಯುವ ಜಾಗದ ಮೂಲೆಯಲ್ಲಿ ನೆಲದ ಮೇಲೇ ಇಟ್ಟುಬಿಟ್ಟೆ. ಅಲ್ಲಿ ಯಾವಾಗಲೂ ತೇವ. ಮೂರು ವಾರ ತಿರುಗಿಸಿಯೂ ನೋಡಲಿಲ್ಲ. ಒಂದು ದಿನ ಸರಿಸಿದಾಗ ಅಡಿಯಲ್ಲಿ ಅಂಗೈಯಷ್ಟು ಜಾಗ ಮೆತ್ತಗಾಗಿತ್ತು. ಎದೆ ಧಸಕ್ಕೆಂದಿತು. ತಕ್ಷಣ ಹೆಚ್ಚಿ, ಆ ಜಾಗದ ಸುತ್ತ ನಾಲ್ಕು ಬೆರಳು ಒಳ್ಳೆಯ ತಿರುಳನ್ನೂ ಸೇರಿಸಿ ತೆಗೆದು ಎಸೆದೆ. ಉಳಿದದ್ದರ ವಾಸನೆ, ಬಣ್ಣ, ರುಚಿ ಎಲ್ಲ ಸರಿ ಇತ್ತು. ಆದರೆ ಅಷ್ಟನ್ನೂ ಅವತ್ತೇ ಮುಗಿಸಬೇಕಲ್ಲ. ಅಪಾರ್ಟ್‌ಮೆಂಟಿನ ನಾಲ್ಕು ಮನೆಗೆ ಹಂಚಿದೆ. ಪಕ್ಕದ ಮನೆಯವರು ಧಾರವಾಡದವರು, ಸಂಜೆ ಗಾರಿಗೆ ಮಾಡಿ ಕಳಿಸಿದರು. ತುರಿದ ಕುಂಬಳ ಬೆಲ್ಲದ ಜೊತೆ ಬೇಯಿಸಿ, ಗೋಧಿಹಿಟ್ಟು ಕಲಸಿ, ಏಲಕ್ಕಿ ಹಾಕಿ, ತಟ್ಟಿ ಎಣ್ಣೆಯಲ್ಲಿ ಕರಿದದ್ದು. ಎರಡು ದಿನ ಡಬ್ಬಿಯಲ್ಲಿಟ್ಟು ತಿಂದೆವು.

ಅದಾದ ಮೇಲೆ ಇಡುವ ಕ್ರಮ ಬದಲಾಯಿಸಿದೆ. ಈಗ ಸಿಹಿಗುಂಬಳವನ್ನು ಹಳೆ ಸೀರೆಯ ಸಿಂಬೆ ಮಾಡಿ ಅದರ ಮೇಲೆ ಕೂರಿಸುತ್ತೇನೆ. ಕೊಡದ ಕೆಳಗೆ ಇಡುತ್ತಿದ್ದರಲ್ಲ, ಅದೇ ಸಿಂಬೆ. ಊಟದ ಕೋಣೆಯ ಕಪಾಟಿನ ಮೇಲೆ, ಒಲೆಯಿಂದ ದೂರ, ಬಿಸಿಲು ಬೀಳದ, ಗಾಳಿಯಾಡುವ ಜಾಗ. ವಾರಕ್ಕೊಮ್ಮೆ ಎತ್ತಿ ತಳ ನೋಡಿ, ಒಣ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ತಿರುಗಿಸಿ ಇಡುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು, ಒಳಗೆ ಬೆವರುತ್ತದೆ. ಬಾಳೆಹಣ್ಣು, ಸೇಬಿನ ಬುಟ್ಟಿ ಪಕ್ಕ ಬೇಡ, ಹಣ್ಣಾಗುವ ಹಣ್ಣುಗಳಿಂದ ಬರುವ ಗಾಳಿಗೆ ಕಾಯಿ ಬೇಗ ಮುದಿಯಾಗುತ್ತದೆ. ಇಡೀ ಕಾಯಿಯನ್ನು ಫ್ರಿಜ್‌ನಲ್ಲಿ ಇಡುವುದಂತೂ ಬೇಡವೇ ಬೇಡ. ಇದಕ್ಕೆ ಬೇಕಾದದ್ದು 10ರಿಂದ 13 ಡಿಗ್ರಿಯ ತಂಪು, ಫ್ರಿಜ್ ಒಳಗೆ ಅದಕ್ಕಿಂತ ತುಂಬಾ ಚಳಿ, ಆ ಚಳಿಗೆ ಸಿಪ್ಪೆಯಲ್ಲಿ ಗುಳಿ ಬಿದ್ದು ಹೊರಗೆ ತೆಗೆದ ಮೇಲೆ ಬೇಗ ಕೊಳೆಯುತ್ತದೆ. ಬೆಂಗಳೂರಿನ ಮನೆಯೊಳಗೆ ಅಷ್ಟು ತಂಪು ಸಿಗದಿದ್ದರೂ ಕಾರ್ತಿಕದಿಂದ ಸಂಕ್ರಾಂತಿವರೆಗಿನ ಹವೆ ಒಳ್ಳೆಯದೇ. ಮಂಗಳೂರು, ಉಡುಪಿ ಕಡೆ ಸೆಕೆ ಮತ್ತು ತೇವ ಎರಡೂ ಜಾಸ್ತಿ, ಅಲ್ಲಿಯವರು ನೇತುಹಾಕುವುದೇ ವಾಸಿ.

ಹೆಚ್ಚಿದ ಮೇಲೆ ಲೆಕ್ಕ ಬೇರೆ. ಮೊದಲು ಬೀಜ ಮತ್ತು ಅದರ ಸುತ್ತಲಿನ ನಾರನ್ನು ಪೂರ್ತಿ ಕೆರೆದು ತೆಗೆಯಿರಿ, ಹಾಳಾಗುವುದು ಶುರುವಾಗುವುದೇ ಅಲ್ಲಿಂದ. ಸಿಪ್ಪೆ ತೆಗೆಯದೆ, ದೊಡ್ಡ ಹೋಳಾಗಿಯೇ, ಹೆಚ್ಚಿದ ಮುಖಕ್ಕೆ ಒಣ ಬಟ್ಟೆ ಸುತ್ತಿ ಡಬ್ಬಿಯಲ್ಲಿಟ್ಟು ಫ್ರಿಜ್‌ಗೆ. ನನಗೆ ನಾಲ್ಕೈದು ದಿನ ಬರುತ್ತದೆ. ಇನ್ನೂ ಉಳಿದರೆ ಬೇಯಿಸಿ ಹಿಸುಕಿ ಫ್ರೀಜರ್‌ನಲ್ಲಿ ಇಡುತ್ತೇನೆ, ದೋಸೆ ಹಿಟ್ಟಿಗೋ ಗಾರಿಗೆಗೋ ಆಗುತ್ತದೆ. ಹಸಿ ಹೋಳನ್ನೇ ಫ್ರೀಜರ್‌ಗೆ ಹಾಕಿದರೆ ಆಮೇಲೆ ಮೆತ್ತಗಾಗುತ್ತದೆ, ಹುಳಿಗೆ ಪರವಾಗಿಲ್ಲ, ಪಲ್ಯಕ್ಕೆ ಆಗುವುದಿಲ್ಲ. ಸಿಪ್ಪೆ ಎಸೆಯಬೇಡಿ, ಎಣ್ಣೆಯಲ್ಲಿ ಬಾಡಿಸಿ ಹುಣಸೆಹಣ್ಣು, ಒಣಮೆಣಸು, ತೆಂಗಿನಕಾಯಿ ಹಾಕಿ ರುಬ್ಬಿದರೆ ಅನ್ನಕ್ಕೆ ಒಳ್ಳೆ ಚಟ್ನಿ.

ಇಷ್ಟು ದೊಡ್ಡ ಕಾಯಿ ಹೆಚ್ಚುವುದು ಕಷ್ಟ ಅಂತಲೇ ಎಷ್ಟೋ ಜನ ಹೋಳು ಕೊಳ್ಳುವುದು, ಅದು ನನಗೆ ಅರ್ಥವಾಗುತ್ತದೆ. ಇಡೀ ಕುಂಬಳಕಾಯಿಗೆ ಮೊದಲ ಕತ್ತಿ ಹೆಂಗಸರು ಹಾಕಬಾರದು ಅನ್ನುವ ರೂಢಿಯೂ ಎಷ್ಟೋ ಮನೆಗಳಲ್ಲಿ ಇದೆ, ಗಂಡಸರು ಮನೆಯಲ್ಲಿ ಇರುವ ಹೊತ್ತಿಗೆ ಕಾಯುತ್ತಾರೆ. ನಾನು ಕೆಳಗೆ ಒದ್ದೆ ಬಟ್ಟೆ ಮಡಿಸಿ ಇಟ್ಟು, ಕಾಯಿ ಜಾರದ ಹಾಗೆ ಮಾಡಿಕೊಂಡು, ತೊಟ್ಟಿನ ಪಕ್ಕದಿಂದ ಗೀಟಿನ ಗುಂಟ ಕತ್ತಿ ಇಳಿಸುತ್ತೇನೆ. ಊರಲ್ಲಾದರೆ ಮೆಟ್ಟುಕತ್ತಿ, ಅದರ ಮುಂದೆ ಯಾವ ಚಾಕುವೂ ಇಲ್ಲ.

ಒಂದು ಮಾತು ಮರೆಯಬಾರದು. ಹೆಚ್ಚಿದ ಕೂಡಲೇ ಹಸಿ ತಿರುಳಿನ ಚೂರೊಂದನ್ನು ನಾಲಿಗೆಗೆ ತಾಗಿಸಿ ನೋಡಿ. ಸಪ್ಪೆ ಇರಬಹುದು, ಸಿಹಿ ಇರಬಹುದು, ಆದರೆ ಕಹಿ ಇರಬಾರದು. ಕಹಿ ಇದ್ದರೆ ಉಗಿದು ಇಡೀ ಕಾಯಿ ಎಸೆದುಬಿಡಿ. ಸೋರೆಕಾಯಿ, ಸೌತೆಕಾಯಿಯಲ್ಲೂ ಇದೇ ಆಗುತ್ತದೆ. ಆ ಕಹಿ ಕುಕುರ್ಬಿಟಾಸಿನ್ ಅನ್ನುವ ವಿಷದ್ದು, ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಭೇದಿ ಜೋರಾಗಿ ಆಗುತ್ತದೆ. ಬೆಲ್ಲ ಹಾಕಿ ಸರಿ ಮಾಡೋಣ ಅಂತ ಹೋಗಬೇಡಿ.

ಏಳನೆಯದು ಚಿಕ್ಕದು, ಆದರೆ ಈ ಸಲದ ನನ್ನ ಅಚ್ಚುಮೆಚ್ಚು. ಡಿಸೆಂಬರ್‌ನಲ್ಲಿ ನಮ್ಮ ಕಡೆ ಭಾನುವಾರ ರೈತರು ಬಂದು ಮಾರುವ ಸಂತೆಯಲ್ಲಿ ಸಿಕ್ಕಿತು. ಚಪ್ಪಟೆ ಗುಂಡು, ಕಿತ್ತಳೆ ಬಣ್ಣ, ಮೇಲೆ ಬಿಳಿ ಪಟ್ಟೆ. ಅರ್ಕಾ ಸೂರ್ಯಮುಖಿ. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕೊಟ್ಟ ತಳಿ ಇದು. ಒಂದೊಂದು ಕಾಯಿ ಒಂದು ಕೆಜಿಯ ಆಸುಪಾಸು, ಬಾಳಿಕೆಯೂ ಚೆನ್ನಾಗಿದೆ, ಹಣ್ಣುನೊಣದ ಕಾಟ ತಡೆಯುತ್ತದೆ ಅಂತ ರೈತರು ಇಷ್ಟಪಡುತ್ತಾರೆ. ಅಲ್ಲಿಯದೇ ಇನ್ನೊಂದು ತಳಿ ಅರ್ಕಾ ಚಂದನ್, ಎರಡು ಮೂರು ಕೆಜಿ ಬರುತ್ತದೆ, ತಿಳಿ ಕಂದು ಸಿಪ್ಪೆ, ಒಳಗೆ ದಪ್ಪ ಕೇಸರಿ ತಿರುಳು. ನಾಲ್ಕು ಜನರ ಮನೆಗೆ ಸೂರ್ಯಮುಖಿ ಒಂದು ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ, ಉಳಿಯುವ ಚಿಂತೆಯೇ ಇಲ್ಲ. ಹೋಳು ಕೊಳ್ಳುವವರೆಲ್ಲ ಇದನ್ನು ಕೊಳ್ಳಬಹುದಲ್ವಾ? ಆದರೆ ಅಂಗಡಿಗಳಲ್ಲಿ ಇದು ಕಾಣುವುದೇ ಅಪರೂಪ. ನಿಮ್ಮ ತರಕಾರಿಯವರ ಹತ್ತಿರ ಹೆಸರು ಹೇಳಿ ಕೇಳಿ, ಕೇಳುವವರು ಇದ್ದರೆ ತಾನೇ ಅವರೂ ತರುವುದು. ಬೆಲೆ ಮಾತ್ರ ಮಾಮೂಲಿ ಕಾಯಿಗಿಂತ ಸ್ವಲ್ಪ ಮೇಲೆ. ಮೂರು ವಾರ ಸಿಂಬೆ ಮೇಲೆ ಕೂತಿದ್ದು, ಸಂಕ್ರಾಂತಿ ದಿನ ಅವರೆಕಾಳು ಹಾಕಿ ಹುಳಿ ಮಾಡಿದೆ.

ಅಮೆರಿಕದಲ್ಲಿರುವ ನನ್ನ ತಂಗಿ ಅಕ್ಟೋಬರ್ ಬಂದರೆ ಫೋನ್ ಮಾಡಿ, ಇಲ್ಲಿ ಎಲ್ಲೆಲ್ಲೂ ಕುಂಬಳಕಾಯಿ, ಆದರೆ ಹುಳಿಗೆ ರುಚಿಯೇ ಬರಲ್ಲ ಅನ್ನುತ್ತಿದ್ದಳು. ಹ್ಯಾಲೋವೀನ್‌ಗೆ ಮುಖ ಕೆತ್ತುವ ದೊಡ್ಡ ಕಿತ್ತಳೆ ಕಾಯಿ ತಂದು ಹೆಚ್ಚುತ್ತಿದ್ದಳು. ಅದು ಕೆತ್ತಲು ಅಂತಲೇ ಬೆಳೆದದ್ದು, ನೀರು ಮತ್ತು ನಾರೇ ಹೆಚ್ಚು. ನಮ್ಮ ಸಿಹಿಗುಂಬಳದ ಹತ್ತಿರದ ನೆಂಟ ಅಲ್ಲಿ ಬಟರ್‌ನಟ್, ಎರಡೂ ಒಂದೇ ಜಾತಿ. ಜಪಾನಿನ ಕಬೋಚ ಸಿಕ್ಕರೆ ಇನ್ನೂ ಒಳ್ಳೆಯದು, ಗೆಣಸಿನ ಹಾಗೆ ಹಿಟ್ಟು ಹಿಟ್ಟಾಗಿ ಬೇಯುತ್ತದೆ. ಈಗ ಅವಳು ಬಟರ್‌ನಟ್‌ನಲ್ಲೇ ಮಾಡುತ್ತಾಳೆ, ದೂರು ನಿಂತಿದೆ.

ಮುಂದಿನ ಸೀಸನ್‌ಗೆ ನನ್ನ ಲೆಕ್ಕ ಹೀಗೆ. ದಿನದ ಅಡುಗೆಗೆ ಸೂರ್ಯಮುಖಿ, ಸಿಗದಿದ್ದರೆ ಹಾಪ್‌ಕಾಮ್ಸ್‌ನ ಮೂರು ಕೆಜಿಯದ್ದು. ಕಾರ್ತಿಕದಲ್ಲಿ ಆ ಅಜ್ಜನ ಮರದ ಹತ್ತಿರ ಗಾಡಿ ನಿಲ್ಲಿಸಿ ದೊಡ್ಡದು ಒಂದು, ತರುವ ಮೊದಲೇ ಪಕ್ಕದ ಮನೆಯವರಿಗೆ ಪಾಲು ಹೇಳಿ. ಬೂದುಗುಂಬಳ ಆಯುಧಪೂಜೆಯ ರಾಶಿಯಿಂದ ಬೇಡ, ಹಬ್ಬ ಮುಗಿದು ಒಂದು ತಿಂಗಳು ಆದಮೇಲೆ, ಕೈ ಬೆಳ್ಳಗಾಗುವ ಕಾಯಿ ನೋಡಿ. ಮೊಬೈಲ್‌ನಲ್ಲಿ ಇಲ್ಲ, ಪ್ಲಾಸ್ಟಿಕ್ ಹೋಳು ಇಲ್ಲ.

ಅತ್ತೆ ಕೊಟ್ಟ ಬೂದುಗುಂಬಳ ಇನ್ನೂ ಬಾಲ್ಕನಿಯಲ್ಲಿ ತೂಗುತ್ತಿದೆ. ದೀಪಾವಳಿಯಿಂದ ಲೆಕ್ಕ ಹಾಕಿದರೆ ಎಂಬತ್ತು ದಿನ ಆಗುತ್ತಾ ಬಂತು. ಬೂದಿ ಹಾಗೇ ಇದೆ, ಉಗುರು ಇಳಿಯುವುದಿಲ್ಲ. ಮುಂದಿನ ತಿಂಗಳು ಅವರು ಬೆಂಗಳೂರಿಗೆ ಬರುತ್ತಾರೆ, ಅವರ ಕೈಯಿಂದಲೇ ಹೆಚ್ಚಿಸಬೇಕು. ಅರ್ಧ ಮಜ್ಜಿಗೆಹುಳಿಗೆ, ಒಳಗಿನ ಮೆತ್ತನೆ ತಿರುಳು ದೋಸೆಗೆ, ಉಳಿದದ್ದು ಕಾಶಿ ಹಲ್ವಕ್ಕೆ. ಬಿಸಿಲು ಏರಿದ್ದರೆ ಒಂದಿಷ್ಟು ಅರಳು ಸಂಡಿಗೆಯನ್ನೂ ಇಟ್ಟುಬಿಡೋಣ ಅಂತ ಫೋನಿನಲ್ಲಿ ಹೇಳಿದ್ದಾರೆ, ಅರಳು ತಂದಿಟ್ಟಿದ್ದೇನೆ.